ಗೇಮ್‌ಗೆ ಗ್ರಾಫಿಕ್ಸ್ ಚಿಪ್ ಕಾಣಿಸದಿದ್ದಾಗ

ಲ್ಯಾಪ್‌ಟಾಪಿನಲ್ಲಿ ಒಳ್ಳೆಯ ಗ್ರಾಫಿಕ್ಸ್ ಚಿಪ್ ಇದ್ದೂ ಕಂಪ್ಯೂಟರ್ ಗೇಮ್ ಅದನ್ನು ಗುರುತಿಸದಿರುವುದು ಅಪರೂಪದ ತೊಂದರೆಯೇನಲ್ಲ. ಅದು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಕೆಲವೊಮ್ಮೆ ಗೇಮ್ ಶುರುವಾಗುವ ಮೊದಲೇ ‘ಸೂಕ್ತ ಗ್ರಾಫಿಕ್ಸ್ ಕಾರ್ಡ್ ಸಿಗಲಿಲ್ಲ’ ಎಂದು ಹೇಳಿ ಮುಚ್ಚಿಕೊಳ್ಳುತ್ತದೆ. ಕೆಲವೊಮ್ಮೆ ತೆರೆದುಕೊಳ್ಳುತ್ತದೆ, ಆದರೆ ಚಿತ್ರ ತಡೆತಡೆದು ಓಡುತ್ತದೆ. ಗೇಮಿನ ಸೆಟ್ಟಿಂಗ್ಸ್ ನೋಡಿದರೆ ದುಡ್ಡು ಕೊಟ್ಟು ತಂದ ಎನ್‌ವಿಡಿಯಾ ಚಿಪ್ಪಿನ ಹೆಸರಿರಬೇಕಾದ ಕಡೆ ಇಂಟೆಲ್ ಎಂದಿರುತ್ತದೆ. ಇನ್ನು ಕೆಲವು ಹಳೆಯ ಗೇಮ್‌ಗಳು ಹೊಸ ಚಿಪ್ಪಿನ ಪರಿಚಯವಿಲ್ಲದೆ ಚಿತ್ರದ ಗುಣಮಟ್ಟವನ್ನು ತೀರಾ ತಳಕ್ಕೆ ಇಳಿಸಿಬಿಡುತ್ತವೆ. ಮನೆಯವರು ಲ್ಯಾಪ್‌ಟಾಪೇ ಕೆಟ್ಟಿತೆಂದೋ ಅಂಗಡಿಯವರು ಮೋಸ ಮಾಡಿದರೆಂದೋ ತಿಳಿಯುತ್ತಾರೆ. ಹೆಚ್ಚಿನ ಸಲ ಎರಡೂ ನಿಜವಲ್ಲ.

ಯಾವ ಗೇಮೂ ಗ್ರಾಫಿಕ್ಸ್ ಚಿಪ್ಪನ್ನು ನೇರವಾಗಿ ನೋಡುವುದಿಲ್ಲ. ಚಿಪ್ಪನ್ನು ಮೊದಲು ಎಚ್ಚರಿಸುವುದು ಮದರ್‌ಬೋರ್ಡಿನ ಬಯೋಸ್. ಆಮೇಲೆ ವಿಂಡೋಸ್ ಅಥವಾ ಲಿನಕ್ಸ್ ಅದನ್ನು ಪತ್ತೆ ಹಚ್ಚಿ, ಅದಕ್ಕೆ ತಕ್ಕ ಡ್ರೈವರ್ ಎಂಬ ತಂತ್ರಾಂಶವನ್ನು ಜೋಡಿಸುತ್ತದೆ. ಆ ಡ್ರೈವರಿನ ಮೇಲೆ ಡೈರೆಕ್ಟ್‌ಎಕ್ಸ್, ಓಪನ್‌ಜಿಎಲ್ ಅಥವಾ ವಲ್ಕನ್ ಎಂಬ ಪದರ ಕೂರುತ್ತದೆ. ಗೇಮ್ ಮಾತಾಡುವುದು ಈ ಕೊನೆಯ ಪದರದ ಜೊತೆ ಮಾತ್ರ. ‘ಇಲ್ಲಿ ಯಾವ ಯಾವ ಚಿಪ್ ಇವೆ, ಯಾವುದಕ್ಕೆ ಏನು ಬರುತ್ತದೆ’ ಎಂದು ಅದು ಕೇಳುತ್ತದೆ. ಸಿಕ್ಕ ಉತ್ತರವನ್ನೇ ನಂಬುತ್ತದೆ. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಪರದೆಯ ಮೇಲೆ ಬರುವ ಸಂದೇಶ ಹೆಚ್ಚುಕಡಿಮೆ ಒಂದೇ. ಹಾಗಾಗಿ ಗೇಮನ್ನು ಅಳಿಸಿ ಮತ್ತೆ ಹಾಕುವುದು, ವಿಂಡೋಸನ್ನೇ ಹೊಸದಾಗಿ ಹಾಕಿಸುವುದು ಇವೆಲ್ಲ ಆಮೇಲಿನ ಮಾತು. ಕಳಚಿದ ಕೊಂಡಿ ಯಾವುದೆಂದು ಹುಡುಕುವುದು ಮೊದಲ ಕೆಲಸ.

ಚಿಪ್ಪಿನ ನಿಜವಾದ ಹೆಸರು ಒಂದು ಸಂಖ್ಯೆ

ಕೊಚ್ಚಿಯ ವಲ್ಲಾರ್ಪಾಡಂ ದ್ವೀಪದಲ್ಲಿ 2011ರ ಫೆಬ್ರುವರಿಯಲ್ಲಿ ಆರಂಭವಾದ ಕಂಟೇನರ್ ಟರ್ಮಿನಲ್‌ನಲ್ಲಿ ಪ್ರತಿ ಪೆಟ್ಟಿಗೆಯ ಮೈಮೇಲೂ ನಾಲ್ಕು ಅಕ್ಷರ, ಏಳು ಅಂಕಿಯ ಒಂದು ಗುರುತು ಇರುತ್ತದೆ. ಲೋಕದ ಯಾವ ಬಂದರಿಗೆ ಹೋದರೂ ಪದ್ಧತಿ ಇದೇ. ಅಕ್ಷರಗಳು ಪೆಟ್ಟಿಗೆ ಯಾರದೆಂದು ಹೇಳುತ್ತವೆ, ಅಂಕಿಗಳು ಯಾವ ಪೆಟ್ಟಿಗೆಯೆಂದು ಹೇಳುತ್ತವೆ. ಒಳಗೆ ಗೋಡಂಬಿ ಇದೆಯೋ ಯಂತ್ರದ ಭಾಗವಿದೆಯೋ ಎಂದು ಕ್ರೇನ್ ನಡೆಸುವವರು ನೋಡಬೇಕಿಲ್ಲ. ಗುರುತು ಬಂದರಿನ ಕಂಪ್ಯೂಟರಿನಲ್ಲಿದ್ದರೆ ಪೆಟ್ಟಿಗೆ ಸರಿಯಾದ ಕಡೆಗೆ ಹೋಗುತ್ತದೆ.

ಗ್ರಾಫಿಕ್ಸ್ ಚಿಪ್ಪಿನ ವ್ಯವಹಾರವೂ ಹೀಗೆಯೇ ನಡೆಯುತ್ತದೆ. ಪ್ರತಿ ಚಿಪ್ಪಿನಲ್ಲೂ ಎರಡು ಸಂಖ್ಯೆಗಳನ್ನು ಬರೆದಿರುತ್ತಾರೆ. ಮೊದಲನೆಯದು ತಯಾರಕರ ಸಂಖ್ಯೆ: ಇಂಟೆಲ್‌ಗೆ 8086, ಎನ್‌ವಿಡಿಯಾಗೆ 10ಡಿಇ, ಎಎಂಡಿಗೆ 1002. ಎರಡನೆಯದು ಆ ತಯಾರಕರ ಯಾವ ಚಿಪ್ ಎಂಬುದು. ಲ್ಯಾಪ್‌ಟಾಪ್‌ಗಳಲ್ಲಿ ಬಂದ ಜಿಫೋರ್ಸ್ ಜಿಟಿಎಕ್ಸ್ 1650ರ ಒಂದು ಸಂಖ್ಯೆ 1ಎಫ್91. ಡಬ್ಬಿಯ ಮೇಲಿನ ಹೆಸರು ಮಾರಾಟಕ್ಕೆ. ವಿಂಡೋಸ್, ಡ್ರೈವರ್, ಗೇಮ್ ಮೂರೂ ಗುರುತು ಹಿಡಿಯುವುದು ಈ ಸಂಖ್ಯೆಯಿಂದ. ಇದನ್ನು ಒಮ್ಮೆ ಕಾಗದದ ಮೇಲೆ ಬರೆದಿಟ್ಟುಕೊಂಡರೆ ಮುಂದಿನ ಎಷ್ಟೋ ಗೊಂದಲ ತಪ್ಪುತ್ತದೆ.

ನೋಡುವುದು ಸುಲಭ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ಡಿವೈಸ್ ಮ್ಯಾನೇಜರ್ ಇರುತ್ತದೆ. ಅದರೊಳಗೆ ‘ಡಿಸ್‌ಪ್ಲೇ ಅಡಾಪ್ಟರ್ಸ್’ ಎಂಬ ಸಾಲನ್ನು ಬಿಡಿಸಿದರೆ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್‌ಗಳ ಹೆಸರು ಕಾಣುತ್ತದೆ. ಹೆಸರಿನ ಮೇಲೆ ಎರಡು ಸಲ ಒತ್ತಿ, ‘ಡೀಟೇಲ್ಸ್’ ಪುಟದಲ್ಲಿ ‘ಹಾರ್ಡ್‌ವೇರ್ ಐಡಿಸ್’ ಆರಿಸಿದರೆ ಒಂದು ಉದ್ದನೆಯ ಸಾಲು ಬರುತ್ತದೆ. ಅದರಲ್ಲಿ ‘ವಿಇಎನ್’ ಎಂಬುದರ ಮುಂದಿನ ನಾಲ್ಕು ಅಕ್ಷರ ತಯಾರಕರದು, ‘ಡಿಇವಿ’ ಎಂಬುದರ ಮುಂದಿನ ನಾಲ್ಕು ಚಿಪ್ಪಿನದು.

ಈ ಪುಟದಲ್ಲಿ ಏನು ಕಂಡಿತೆಂಬುದೇ ಅರ್ಧ ಉತ್ತರ. ಇಂಟೆಲ್ ಹೆಸರೂ ಎನ್‌ವಿಡಿಯಾ ಹೆಸರೂ ಇದ್ದು, ಎರಡಕ್ಕೂ ಯಾವ ಗುರುತೂ ಅಂಟಿಲ್ಲದಿದ್ದರೆ ಯಂತ್ರಾಂಶದ ಮಟ್ಟಿಗೆ ಚಿಂತೆಯಿಲ್ಲ. ತೊಂದರೆ ಇರುವುದು ಗೇಮ್ ಯಾವುದನ್ನು ಆರಿಸಿಕೊಳ್ಳುತ್ತಿದೆ ಎಂಬಲ್ಲಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ನಿಜವಾದ ಡ್ರೈವರ್ ಬಂದೇ ಇಲ್ಲ, ಪರದೆ ಕತ್ತಲಾಗದಿರಲೆಂದು ವಿಂಡೋಸ್ ತನ್ನ ಕೈಸಾಲದ ಡ್ರೈವರಿನಲ್ಲಿ ದಿನ ದೂಡುತ್ತಿದೆ. ಅದರಲ್ಲಿ ಪತ್ರ ಬರೆಯಬಹುದು, ಆಟ ಆಡಲಾಗದು. ಹೆಸರಿನ ಪಕ್ಕ ಹಳದಿ ತ್ರಿಕೋನವೋ ಕೆಳಮುಖದ ಬಾಣವೋ ಇದ್ದರೆ ಒಳಗೆ ಒಂದು ಕೋಡ್ ಸಂಖ್ಯೆ ಬರೆದಿರುತ್ತದೆ: 28 ಎಂದರೆ ಡ್ರೈವರ್ ಇಲ್ಲ, 22 ಎಂದರೆ ಯಾರೋ ಚಿಪ್ಪನ್ನು ನಿಷ್ಕ್ರಿಯ ಮಾಡಿದ್ದಾರೆ, 43 ಎಂದರೆ ಚಿಪ್ ದೋಷ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಕೊನೆಯದರ ಮಾತು ಮುಂದೆ ಬರುತ್ತದೆ.

ಎನ್‌ವಿಡಿಯಾ ಅಥವಾ ಎಎಂಡಿ ಚಿಪ್ಪಿನ ಹೆಸರೇ ಇಲ್ಲದಿದ್ದರೆ ಗಾಬರಿಪಡುವ ಮೊದಲು ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಆ್ಯಪ್ ನೋಡಬೇಕು. ಆಸುಸ್‌ನ ಆರ್ಮರಿ ಕ್ರೇಟ್‌ನಲ್ಲಿ ಇಕೋ ಮೋಡ್ ಹಾಕಿದರೆ ಆ ಚಿಪ್ ಪೂರ್ತಿ ಬಂದ್ ಆಗಿ ಡಿವೈಸ್ ಮ್ಯಾನೇಜರಿನಿಂದಲೂ ಮರೆಯಾಗುತ್ತದೆ. ಬ್ಯಾಟರಿ ಉಳಿಸಲು ಒಳ್ಳೆಯ ಏರ್ಪಾಡು; ಹಾಕಿದವರು ಮರೆತರೆ ಮಾತ್ರ ಪೇಚಾಟ.

ಡ್ರೈವರ್: ಎಲ್ಲಿಂದ, ಹೇಗೆ

ಡ್ರೈವರ್ ಪಡೆಯಲು ವಿಶ್ವಾಸದ ಮೂಲಗಳು ಮೂರೇ: ವಿಂಡೋಸ್ ಅಪ್‌ಡೇಟ್, ಲ್ಯಾಪ್‌ಟಾಪ್ ತಯಾರಕರ ತಾಣ, ಚಿಪ್ ತಯಾರಕರ ತಾಣ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಮೊದಲು ಅದರ ತಯಾರಕರ ತಾಣಕ್ಕೆ ಹೋಗಿ ಕೆಳಭಾಗದಲ್ಲಿ ಅಂಟಿಸಿರುವ ಮಾದರಿ ಸಂಖ್ಯೆ ಕೊಟ್ಟು ಹುಡುಕುವುದು ಒಳ್ಳೆಯದು. ಆ ಯಂತ್ರದ ಬಿಸಿ, ಫ್ಯಾನ್, ಪರದೆಗೆ ಹೊಂದಿಸಿದ ಡ್ರೈವರ್ ಅಲ್ಲಿ ಸಿಗುತ್ತದೆ. ಹೊಸ ಗೇಮ್ ಹೊಸ ಡ್ರೈವರ್ ಕೇಳಿದರೆ ಚಿಪ್ ತಯಾರಕರ ತಾಣಕ್ಕೆ ಹೋಗಬೇಕಾಗುತ್ತದೆ. ‘ನಿಮ್ಮ ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ ಸರಿಮಾಡುತ್ತೇವೆ’ ಎಂದು ಕರೆಯುವ ಉಚಿತ ತಂತ್ರಾಂಶಗಳನ್ನು ಮುಟ್ಟಲೇಬಾರದು. ತಪ್ಪು ಡ್ರೈವರ್ ಹಾಕುವುದರ ಜೊತೆಗೆ ಬೇಡದ್ದನ್ನೂ ಒಳಗೆ ಬಿಟ್ಟುಕೊಳ್ಳುವುದು ಅವುಗಳ ಸ್ವಭಾವ.

ಎರಡು ಚಿಪ್ ಇರುವ ಲ್ಯಾಪ್‌ಟಾಪಿನಲ್ಲಿ ಎರಡಕ್ಕೂ ಡ್ರೈವರ್ ಬೇಕು. ಎನ್‌ವಿಡಿಯಾ ಡ್ರೈವರ್ ಮಾತ್ರ ಹೊಸದು ಮಾಡಿ ಇಂಟೆಲ್‌ನದನ್ನು ಹಳೆಯದೇ ಬಿಟ್ಟರೆ ಗೇಮ್ ಮುಗ್ಗರಿಸಬಹುದು. ಅದೇಕೆಂದು ಮುಂದೆ ತಿಳಿಯುತ್ತದೆ. ಹೊಸ ಡ್ರೈವರ್ ಹಾಕಿಯೂ ಸರಿಯಾಗದಿದ್ದಾಗ ಹಳೆಯದರ ಅವಶೇಷ ಅಡ್ಡಬಂದಿರುವ ಸಂಭವವಿದೆ. ಅದನ್ನು ಬುಡಸಮೇತ ತೆಗೆಯಲು ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ಉಚಿತ ಉಪಕರಣವನ್ನು ಜಾಣರು ಬಳಸುತ್ತಾರೆ. ಅದನ್ನು ಸೇಫ್ ಮೋಡಿನಲ್ಲಿ, ಇಂಟರ್ನೆಟ್ ತಂತಿ ಕಿತ್ತು ಅಥವಾ ವೈಫೈ ಆರಿಸಿ ನಡೆಸಬೇಕು. ಇಲ್ಲದಿದ್ದರೆ ತೆಗೆದ ಮರುಕ್ಷಣವೇ ವಿಂಡೋಸ್ ತನಗೆ ತೋಚಿದ ಡ್ರೈವರನ್ನು ತಂದು ಕೂರಿಸುತ್ತದೆ.

ಡ್ರೈವರಿಗೂ ವಯಸ್ಸಾಗುತ್ತದೆ. ಜಿಫೋರ್ಸ್ 900 ಮತ್ತು 10ನೇ ಸರಣಿಯ ಚಿಪ್‌ಗಳಿಗೆ ಹೊಸ ಗೇಮ್‌ಗಳಿಗೆಂದು ಹೊಂದಿಸಿದ ಡ್ರೈವರ್‌ಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿದೆ. ಮುಂದೆ ಬರುವುದು ಸುರಕ್ಷತೆಯ ತಿದ್ದುಪಡಿ ಮಾತ್ರ. ಅದೇ ತಿಂಗಳ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವೂ ಮುಗಿಯಿತು. ಈ ಚಿಪ್‌ಗಳಲ್ಲಿ ಈಗಾಗಲೇ ಓಡುತ್ತಿರುವ ಗೇಮ್‌ಗಳು ನಿಲ್ಲುವುದಿಲ್ಲ. ಇನ್ನು ಬರಲಿರುವ ಗೇಮ್‌ಗಳು ‘ಡ್ರೈವರ್ ಹಳೆಯದು’ ಎಂದರೆ ಮಾತ್ರ ಉಪಾಯವಿಲ್ಲ.

ಒಂದೇ ಮೈಯಲ್ಲಿ ಎರಡು ಚಿಪ್

ಗುರುತಿಸದಿರುವ ತೊಂದರೆಯ ದೊಡ್ಡ ಪಾಲು ಇಲ್ಲಿಯದು. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರಿನೊಳಗೇ ಒಂದು ಸಣ್ಣ ಗ್ರಾಫಿಕ್ಸ್ ಚಿಪ್ ಇರುತ್ತದೆ, ಅದರ ಜೊತೆಗೆ ಪ್ರತ್ಯೇಕವಾದ ದೊಡ್ಡದೊಂದು. ಸಣ್ಣದು ಕಡಿಮೆ ವಿದ್ಯುತ್ತಿನಲ್ಲಿ ದಿನನಿತ್ಯದ ಕೆಲಸ ನೋಡಿಕೊಳ್ಳುತ್ತದೆ. ದೊಡ್ಡದು ಗೇಮ್ ಬಂದಾಗ ಏಳಬೇಕು. ಈ ಹಂಚಿಕೆಯನ್ನು ತಾನೇ ನೋಡಿಕೊಳ್ಳುವ ಆಪ್ಟಿಮಸ್ ಎಂಬ ವ್ಯವಸ್ಥೆಯನ್ನು ಎನ್‌ವಿಡಿಯಾ 2010ರಲ್ಲಿ ತಂದಿತು. ಎಎಂಡಿಯೂ ಬೇರೆ ಹೆಸರಿನಲ್ಲಿ ಅಂಥದನ್ನೇ ಮಾಡಿತು.

ಇದರ ಒಳಗುಟ್ಟು ಬಹಳ ಮಂದಿಗೆ ಗೊತ್ತಿಲ್ಲ. ಇಂಥ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ತಂತಿ ಹೋಗಿ ಸೇರುವುದು ಸಣ್ಣ ಚಿಪ್ಪಿಗೆ. ದೊಡ್ಡ ಚಿಪ್ ಬಿಡಿಸಿದ ಚಿತ್ರ ನೇರ ಪರದೆಗೆ ಬರಲಾರದು. ಅದು ಸಣ್ಣ ಚಿಪ್ಪಿನ ಮೆಮೊರಿಗೆ ದಾಟಿ, ಅಲ್ಲಿಂದ ಪರದೆಗೆ ಬರಬೇಕು. ವಲ್ಲಾರ್ಪಾಡಂನಂಥ ಟರ್ಮಿನಲ್‌ಗಳ ಕೆಲಸವೂ ಇದೇ ರೀತಿಯದು: ದೊಡ್ಡ ಹಡಗಿನ ಸರಕು ಅಲ್ಲಿ ಇಳಿದು, ಸಣ್ಣ ಹಡಗು ಹತ್ತಿ ಬೇರೆ ಬಂದರು ಸೇರುತ್ತದೆ. ಸಣ್ಣ ಹಡಗು ಕೆಟ್ಟು ನಿಂತರೆ ದೊಡ್ಡದು ಬಂದೂ ಸರಕು ಮುಂದೆ ಹೋಗದು. ಇಂಟೆಲ್ ಡ್ರೈವರ್ ಹಾಳಾಗಿದ್ದರೆ ಎನ್‌ವಿಡಿಯಾ ಚಿಪ್ಪಿದ್ದೂ ಗೇಮ್ ಒದ್ದಾಡುವುದು ಇದಕ್ಕೇ.

ಇದೇ ಕಾರಣಕ್ಕೆ ಒಂದು ಪ್ರಚಲಿತ ಸಲಹೆಯನ್ನು ಬಲವಾಗಿ ಅಲ್ಲಗಳೆಯಬೇಕಾಗಿದೆ. ‘ಡಿವೈಸ್ ಮ್ಯಾನೇಜರಿನಲ್ಲಿ ಇಂಟೆಲ್ ಚಿಪ್ಪನ್ನು ಡಿಸೇಬಲ್ ಮಾಡಿಬಿಡಿ, ಆಗ ಗೇಮ್ ಬೇರೆ ದಾರಿಯಿಲ್ಲದೆ ಎನ್‌ವಿಡಿಯಾಗೆ ಹೋಗುತ್ತದೆ’ ಎಂದು ಹೇಳುವವರಿದ್ದಾರೆ. ಹಾಗೆ ಮಾಡಿದರೆ ಪರದೆ ವಿಂಡೋಸಿನ ಕೈಸಾಲದ ಡ್ರೈವರಿಗೆ ಬೀಳುತ್ತದೆ, ದೊಡ್ಡ ಚಿಪ್ಪಿನ ಚಿತ್ರ ಬರುವ ದಾರಿಯೇ ಮುಚ್ಚುತ್ತದೆ. ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿಯೂ ಕೆಲಸ ನಿಲ್ಲಿಸಬಹುದು.

ಸರಿಯಾದ ದಾರಿ ಬೇರೆ. ಕೆಲವು ಗೇಮ್‌ಗಳು, ಮುಖ್ಯವಾಗಿ ಹಳೆಯವು, ವಿಂಡೋಸ್ ಕೊಟ್ಟ ಪಟ್ಟಿಯ ಮೊದಲ ಚಿಪ್ಪನ್ನೇ ಹಿಡಿದುಕೊಳ್ಳುತ್ತವೆ, ಮತ್ತು ಮೊದಲನೆಯದು ಸಾಮಾನ್ಯವಾಗಿ ಪರದೆ ಅಂಟಿಕೊಂಡ ಸಣ್ಣ ಚಿಪ್. 2018ರ ಏಪ್ರಿಲ್‌ನ ವಿಂಡೋಸ್ 10 ಅಪ್‌ಡೇಟಿನಿಂದ ಈ ಆಯ್ಕೆಯನ್ನು ಬಳಸುವವರೇ ಮಾಡಬಹುದು. ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬ ಪುಟಕ್ಕೆ ಹೋಗಿ, ಗೇಮನ್ನು ಪಟ್ಟಿಗೆ ಸೇರಿಸಿ, ‘ಆಪ್ಷನ್ಸ್’ ಒತ್ತಿದರೆ ಆಯ್ಕೆಗಳು ಬರುತ್ತವೆ. ಅದರಲ್ಲಿ ‘ಹೈ ಪರ್ಫಾರ್ಮೆನ್ಸ್’ ಎಂಬುದರ ಕೆಳಗೆ ದೊಡ್ಡ ಚಿಪ್ಪಿನ ಹೆಸರಿರುತ್ತದೆ. ಅದನ್ನು ಆರಿಸಿ, ಗೇಮನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನಲ್ಲೂ ಇಂಥ ಆಯ್ಕೆಯಿದೆ. ಎರಡೂ ಕಡೆ ಬೇರೆ ಬೇರೆ ಹೇಳಿ ಗೊಂದಲ ಮಾಡದೆ ವಿಂಡೋಸಿನದನ್ನೇ ನೆಚ್ಚುವುದು ಮೇಲು.

ಪಟ್ಟಿಗೆ ಸೇರಿಸಬೇಕಾದ್ದು ಯಾವ ಫೈಲ್ ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಮಕ್ಕಳು ಬಹಳ ಆಡುವ ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿ ಇದಕ್ಕೆ ಒಳ್ಳೆಯ ಉದಾಹರಣೆ. ಡೆಸ್ಕ್‌ಟಾಪಿನಲ್ಲಿ ಕಾಣುವುದು ಅದರ ಲಾಂಚರ್, ಅಂದರೆ ಬಾಗಿಲು. ‘ಪ್ಲೇ’ ಒತ್ತಿದ ಮೇಲೆ ಓಡುವುದು ‘ಜಾವಾಡಬ್ಲ್ಯೂ’ ಎಂಬ ಇನ್ನೊಂದು ಪ್ರೋಗ್ರಾಂ. ಲಾಂಚರಿಗೆ ಎಷ್ಟು ಸಲ ಹೈ ಪರ್ಫಾರ್ಮೆನ್ಸ್ ಕೊಟ್ಟರೂ ಗೇಮ್ ಇಂಟೆಲ್ ಚಿಪ್ಪಿನಲ್ಲೇ ಉಳಿದುಬಿಡಬಹುದು. ಗೇಮ್ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು, ‘ಡೀಟೇಲ್ಸ್’ ಪುಟದಲ್ಲಿ ಜಾವಾಡಬ್ಲ್ಯೂ ಹುಡುಕಿ, ಮೌಸಿನ ಬಲಗುಂಡಿ ಒತ್ತಿ ‘ಓಪನ್ ಫೈಲ್ ಲೊಕೇಶನ್’ ಎಂದರೆ ಅದು ಇರುವ ಫೋಲ್ಡರ್ ತೆರೆಯುತ್ತದೆ. ಆ ವಿಳಾಸವನ್ನು ನಕಲು ಮಾಡಿ ಗ್ರಾಫಿಕ್ಸ್ ಪುಟದಲ್ಲಿ ಆ ಫೈಲನ್ನೇ ಸೇರಿಸಬೇಕು. ಮತ್ತೆ ಗೇಮ್ ತೆರೆದು ಎಫ್3 ಒತ್ತಿದರೆ ಪರದೆಯ ಬಲಬದಿಯಲ್ಲಿ ಬಳಕೆಯಲ್ಲಿರುವ ಚಿಪ್ಪಿನ ಹೆಸರು ಬರುತ್ತದೆ. ಮಿಕ್ಕ ಗೇಮ್‌ಗಳಲ್ಲಿ ಇಂಥ ಅನುಕೂಲ ಇಲ್ಲದಿದ್ದರೆ ಟಾಸ್ಕ್ ಮ್ಯಾನೇಜರಿನ ‘ಜಿಪಿಯು ಎಂಜಿನ್’ ಎಂಬ ಕಾಲಂ ನೋಡಬಹುದು. ಜಿಪಿಯು 0 ಎಂದಿದೆಯೋ 1 ಎಂದಿದೆಯೋ ಅಲ್ಲಿ ತಿಳಿಯುತ್ತದೆ. ಯಾವ ಸಂಖ್ಯೆ ಯಾವ ಚಿಪ್ಪಿನದೆಂದು ‘ಪರ್ಫಾರ್ಮೆನ್ಸ್’ ಪುಟ ಹೇಳುತ್ತದೆ.

ಈಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಮಕ್ಸ್ ಸ್ವಿಚ್ ಎಂಬ ಏರ್ಪಾಡು ಬಂದಿದೆ. ಅದು ಪರದೆಯ ತಂತಿಯನ್ನೇ ಸಣ್ಣ ಚಿಪ್ಪಿನಿಂದ ದೊಡ್ಡದಕ್ಕೆ ಬದಲಿಸುತ್ತದೆ. ಬಯೋಸಿನಲ್ಲಿ ಅಥವಾ ಕಂಪನಿಯ ಆ್ಯಪಿನಲ್ಲಿ ಅದರ ಗುಂಡಿ ಸಿಗುತ್ತದೆ, ಒಮ್ಮೆ ರೀಸ್ಟಾರ್ಟ್ ಮಾಡಬೇಕಾಗಬಹುದು. ಹೊರಗಿನ ಮಾನಿಟರ್ ಜೋಡಿಸಿದರೂ ಕೆಲವು ಯಂತ್ರಗಳಲ್ಲಿ ಎಚ್‌ಡಿಎಂಐ ಕಿಂಡಿ ನೇರ ದೊಡ್ಡ ಚಿಪ್ಪಿಗೆ ಸೇರಿರುತ್ತದೆ. ಚಾರ್ಜರ್ ಹಾಕದೆ ಆಡಿದರೆ ದೊಡ್ಡ ಚಿಪ್ ವೇಗ ತಗ್ಗಿಸುತ್ತದೆ, ಬ್ಯಾಟರಿ ಉಳಿಸುವ ಸೆಟ್ಟಿಂಗ್ ಇದ್ದರೆ ಏಳದೆಯೂ ಇರಬಹುದು.

ಗುರುತಿಸಿಯೂ ಒಲ್ಲೆನ್ನುವುದು

ಚಿಪ್ ಸರಿಯಾಗಿ ಸಿಕ್ಕಿದೆ, ಆದರೂ ಗೇಮ್ ಒಪ್ಪುವುದಿಲ್ಲ. ಅನ್‌ರಿಯಲ್ ಎಂಜಿನ್ ಬಳಸಿದ ಗೇಮ್‌ಗಳಲ್ಲಿ ‘ಡಿಎಕ್ಸ್11 ಫೀಚರ್ ಲೆವೆಲ್ 10.0 ಬೇಕು’ ಎಂಬ ಸಂದೇಶ ಪ್ರಸಿದ್ಧ. ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ರನ್ ಪೆಟ್ಟಿಗೆಯಲ್ಲಿ ಡಿ-ಎಕ್ಸ್-ಡಿ-ಐ-ಎ-ಜಿ ಎಂಬ ಆರು ಅಕ್ಷರ ಒತ್ತಿದರೆ ತೆರೆಯುವ ಪರೀಕ್ಷಾ ಪುಟದಲ್ಲಿ ‘ಡೈರೆಕ್ಟ್‌ಎಕ್ಸ್ 12’ ಎಂದಿರುತ್ತದೆ. ಅದು ವಿಂಡೋಸಿನಲ್ಲಿರುವ ತಂತ್ರಾಂಶದ ಆವೃತ್ತಿ. ಚಿಪ್ಪಿನ ಯೋಗ್ಯತೆ ಅದಲ್ಲ. ಅದೇ ಪುಟದ ‘ಡಿಸ್‌ಪ್ಲೇ’ ಮತ್ತು ‘ರೆಂಡರ್’ ಭಾಗಗಳಲ್ಲಿ ‘ಫೀಚರ್ ಲೆವೆಲ್ಸ್’ ಎಂಬ ಸಾಲಿನಲ್ಲಿ ಚಿಪ್ ನಿಜಕ್ಕೂ ಏನು ಮಾಡಬಲ್ಲದೆಂದು ಬರೆದಿರುತ್ತದೆ. ಗೇಮಿನ ಬೇಡಿಕೆ ಆ ಸಾಲಿನಲ್ಲಿ ಇಲ್ಲದಿದ್ದು ಡ್ರೈವರ್ ಹೊಸದೇ ಆಗಿದ್ದರೆ ಮುಂದೆ ದಾರಿಯಿಲ್ಲ. ಡೈರೆಕ್ಟ್‌ಎಕ್ಸ್ ಎಷ್ಟು ಸಲ ಡೌನ್‌ಲೋಡ್ ಮಾಡಿದರೂ ಸಿಲಿಕಾನ್ ಬದಲಾಗದು. ಇದನ್ನು ಬೇಗ ಒಪ್ಪಿಕೊಂಡವರ ವಾರಾಂತ್ಯ ಉಳಿಯುತ್ತದೆ.

ಡ್ರೈವರ್ ಹೊಸದಾದ ಮೇಲೆ ಯೋಗ್ಯತೆ ತಗ್ಗಿದ ಉದಾಹರಣೆಯೂ ಇದೆ. ಇಂಟೆಲ್‌ನ 4ನೇ ತಲೆಮಾರಿನ ಪ್ರೊಸೆಸರ್‌ಗಳ ಗ್ರಾಫಿಕ್ಸ್‌ನಲ್ಲಿ ಸುರಕ್ಷತೆಯ ದೋಷ ಕಂಡುಬಂದದ್ದರಿಂದ ಕಂಪನಿ ಆಮೇಲಿನ ಡ್ರೈವರ್‌ಗಳಲ್ಲಿ ಡೈರೆಕ್ಟ್‌ಎಕ್ಸ್ 12ರ ಬೆಂಬಲವನ್ನೇ ತೆಗೆದುಹಾಕಿತು. ಅಂಥ ಲ್ಯಾಪ್‌ಟಾಪಿನಲ್ಲಿ ಗೇಮಿನ ಸೆಟ್ಟಿಂಗ್‌ನಲ್ಲಿ ಡೈರೆಕ್ಟ್‌ಎಕ್ಸ್ 11 ಆರಿಸುವ ಅವಕಾಶವಿದ್ದರೆ ಅದೇ ಉತ್ತರ.

ಮೈನ್‌ಕ್ರಾಫ್ಟ್ ಬಳಸುವ ಓಪನ್‌ಜಿಎಲ್‌ನದೂ ಇದೇ ಕತೆ. ಮೈನ್‌ಕ್ರಾಫ್ಟಿನ 1.17ನೇ ಆವೃತ್ತಿ 2021ರಲ್ಲಿ ಬಂದಾಗಿನಿಂದ ಓಪನ್‌ಜಿಎಲ್ 3.2 ಬೇಕೇ ಬೇಕು. ಇಂಟೆಲ್ ಎಚ್‌ಡಿ 3000 ಎಂಬ ಹಳೆಯ ಚಿಪ್ 3.1ಕ್ಕೆ ನಿಲ್ಲುತ್ತದೆ. ಡ್ರೈವರೇ ಇಲ್ಲದಿದ್ದಾಗ ವಿಂಡೋಸ್ ಒದಗಿಸುವುದು 1.1 ಮಾತ್ರ. ‘ಪಿಕ್ಸೆಲ್ ಫಾರ್ಮ್ಯಾಟ್ ನಾಟ್ ಆ್ಯಕ್ಸೆಲರೇಟೆಡ್’ ಎಂಬ ಸಂದೇಶ ಬಂದರೆ ಹೆಚ್ಚಾಗಿ ಅರ್ಥ ಇದೇ, ಡ್ರೈವರ್ ಹಾಕಿದರೆ ಸರಿಹೋಗುತ್ತದೆ.

ಮೆಮೊರಿಯ ಲೆಕ್ಕವೂ ಗೇಮ್‌ಗಳನ್ನು ದಾರಿ ತಪ್ಪಿಸುತ್ತದೆ. ಪ್ರೊಸೆಸರಿನೊಳಗಿನ ಚಿಪ್ಪಿಗೆ ಸ್ವಂತ ಮೆಮೊರಿ ಇಲ್ಲ, ಲ್ಯಾಪ್‌ಟಾಪಿನ ರ್‍ಯಾಮಿನಲ್ಲೇ ಪಾಲು ತೆಗೆದುಕೊಳ್ಳುತ್ತದೆ. ಮೀಸಲು ಮೆಮೊರಿ 128 ಎಂಬಿ ಎಂದು ಪುಟದಲ್ಲಿ ಕಂಡರೂ ಬೇಕಾದಾಗ ಅದು ಕೆಲವು ಜಿಬಿವರೆಗೆ ಎಳೆದುಕೊಳ್ಳಬಲ್ಲದು. ಮೀಸಲು ಅಂಕಿಯನ್ನಷ್ಟೇ ನೋಡುವ ಗೇಮ್ ಮಾತ್ರ ‘ಸಾಲದು’ ಎನ್ನುತ್ತದೆ. ಇನ್ನೊಂದು ವಿಷಯ ಬಹಳ ಮಂದಿಯನ್ನು ಅಚ್ಚರಿಗೊಳಿಸುತ್ತದೆ: ಇಂಟೆಲ್ ಐರಿಸ್ ಎಕ್ಸ್‌ಇ ಇದೆಯೆಂದು ತಂದ ಲ್ಯಾಪ್‌ಟಾಪ್ ಒಂದೇ ರ್‍ಯಾಮ್ ಪಟ್ಟಿಯಲ್ಲಿ ಓಡುತ್ತಿದ್ದರೆ ಡಿವೈಸ್ ಮ್ಯಾನೇಜರ್ ಅದನ್ನು ‘ಇಂಟೆಲ್ ಯುಎಚ್‌ಡಿ’ ಎಂದು ತೋರಿಸುತ್ತದೆ. ಎರಡು ಪಟ್ಟಿಗಳ ಜೋಡಿ ದಾರಿಯಿದ್ದರೆ ಮಾತ್ರ ಐರಿಸ್ ಎಂಬ ಹೆಸರಿಗೆ ಇಂಟೆಲ್ ಒಪ್ಪಿಗೆ. ಖಾಲಿ ಜಾಗವಿರುವ ಲ್ಯಾಪ್‌ಟಾಪಿಗೆ ಇನ್ನೊಂದು ರ್‍ಯಾಮ್ ಹಾಕಿಸಿದರೆ ಹೆಸರೂ ಬದಲಾಗುತ್ತದೆ, ಗೇಮಿನ ವೇಗವೂ ಏರುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ರಿಪೇರಿ ಬೇರೊಂದಿಲ್ಲ.

ಹಳೆಯ ಗೇಮಿನ ಹಳೆಯ ಪಟ್ಟಿ

ಕೆಲವು ಗೇಮ್‌ಗಳು ತಮಗೆ ಗೊತ್ತಿರುವ ಚಿಪ್‌ಗಳ ಪಟ್ಟಿಯನ್ನು ಜೊತೆಗೇ ಹೊತ್ತು ತಂದಿರುತ್ತವೆ. ಪಟ್ಟಿ ಬರೆದ ದಿನದ ನಂತರ ಹುಟ್ಟಿದ ಚಿಪ್ ಅವುಗಳಿಗೆ ಅಪರಿಚಿತ. 2009ರಲ್ಲಿ ಬಂದ ‘ದ ಸಿಮ್ಸ್ 3’ ಇದರ ಪ್ರಸಿದ್ಧ ನಿದರ್ಶನ, ಇಂದಿಗೂ ಅದನ್ನು ಆಡುವವರಿದ್ದಾರೆ. ಹತ್ತು ವರ್ಷ ಹೊಸದಾದ, ಅದಕ್ಕಿಂತ ಎಷ್ಟೋ ಬಲವಾದ ಚಿಪ್ಪನ್ನೂ ಅದು ಅನುಮಾನದಿಂದ ನೋಡಿ ಕನಿಷ್ಠ ಗುಣಮಟ್ಟಕ್ಕೆ ಇಳಿಸುತ್ತದೆ.

ಇದಕ್ಕೆ ಮದ್ದು ಕೈಯಳತೆಯಲ್ಲಿದೆ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್, ಅದರೊಳಗೆ ಗೇಮಿನ ಹೆಸರಿನ ಫೋಲ್ಡರಿನಲ್ಲಿ ‘ಡಿವೈಸ್‌ಕಾನ್ಫಿಗ್’ ಎಂಬ ಲಾಗ್ ಫೈಲ್ ಇರುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಚಿಪ್ಪಿನ ಹೆಸರಿನ ಬಳಿ ‘ಫೌಂಡ್’ ಎಂಬ ಪದದ ಮುಂದೆ 0 ಇದ್ದರೆ ಪಟ್ಟಿಯಲ್ಲಿ ಸಿಗಲಿಲ್ಲ ಎಂದರ್ಥ. ಸ್ವಲ್ಪ ಕೆಳಗೆ ತಯಾರಕರ ಸಂಖ್ಯೆ, ಚಿಪ್ಪಿನ ಸಂಖ್ಯೆ ಎರಡೂ ಇರುತ್ತವೆ. ಗೇಮ್ ಹಾಕಿದ ಜಾಗದಲ್ಲಿ ‘ಗೇಮ್’, ಅದರೊಳಗೆ ‘ಬಿನ್’ ಎಂಬ ಫೋಲ್ಡರಿನಲ್ಲಿ ‘ಗ್ರಾಫಿಕ್ಸ್‌ಕಾರ್ಡ್ಸ್’ ಎಂಬ ಫೈಲೇ ಆ ಪಟ್ಟಿ. ಅದರ ಒಂದು ಪ್ರತಿಯನ್ನು ಜೋಪಾನವಾಗಿ ಬೇರೆ ಕಡೆ ಇಟ್ಟು, ಇನ್ನೊಂದನ್ನು ಡೆಸ್ಕ್‌ಟಾಪಿಗೆ ತಂದು ತೆರೆಯಬೇಕು. ತನ್ನ ಚಿಪ್ಪಿನ ತಯಾರಕರ ವಿಭಾಗದಲ್ಲಿ ಈಗಾಗಲೇ ಇರುವ ಒಂದು ಸಾಲನ್ನು ನಕಲು ಮಾಡಿ, ಕೆಳಗೆ ಅಂಟಿಸಿ, ಸಂಖ್ಯೆ ಮತ್ತು ಹೆಸರು ಮಾತ್ರ ಬದಲಿಸಬೇಕು. ಜಿಟಿಎಕ್ಸ್ 1650 ಆದರೆ ಹಳೆಯ ಸಂಖ್ಯೆ ಇದ್ದ ಕಡೆ 1ಎಫ್91. ಉಲ್ಲೇಖ ಚಿಹ್ನೆಯಾಗಲಿ ಜಾಗವಾಗಲಿ ಅತ್ತಿತ್ತ ಆಗಬಾರದು. ಫೈಲನ್ನು ಮೊದಲಿದ್ದ ಜಾಗಕ್ಕೆ ಹಿಂತಿರುಗಿಸಿದರೆ, ವಿಂಡೋಸ್ ಅನುಮತಿ ಕೇಳುತ್ತದೆ, ಕೊಡಬೇಕು. ಅದೇ ಫೋಲ್ಡರಿನ ‘ಗ್ರಾಫಿಕ್ಸ್‌ರೂಲ್ಸ್’ ಎಂಬ ಫೈಲಿನಲ್ಲಿ ಚಿಪ್ಪಿನ ಮೆಮೊರಿ ತಿಳಿಯದಿದ್ದರೆ 32 ಎಂಬಿ ಎಂದುಕೊಳ್ಳುವ ಒಂದು ಸಾಲೂ ಇದೆ. ಅಲ್ಲಿ 32ರ ಬದಲು 1024 ಬರೆದರೆ ಚಿತ್ರಗಳು ತೆಳುವಾಗುವುದು ನಿಲ್ಲುತ್ತದೆ. ಗೇಮನ್ನು ಮತ್ತೆ ತೆರೆದಾಗ ಲಾಗ್ ಫೈಲಿನ 0 ಇದ್ದದ್ದು 1 ಆಗಿರಬೇಕು.

ಒಂದು ಎಚ್ಚರಿಕೆ ಅಗತ್ಯ. ಈ ಗೇಮಿಗೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಮಿತಿಯಿಲ್ಲ. ಹೊಸ ಚಿಪ್ ಸಿಕ್ಕ ಕೂಡಲೇ ನೂರಾರು ಚಿತ್ರ ಬಿಡಿಸಿ ಲ್ಯಾಪ್‌ಟಾಪನ್ನು ಸುಮ್ಮನೆ ಕಾಯಿಸುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನಲ್ಲಿ ‘ಮ್ಯಾಕ್ಸ್ ಫ್ರೇಮ್ ರೇಟ್’ 60ಕ್ಕೆ ಕಟ್ಟಿಹಾಕಬೇಕು.

ಲಿನಕ್ಸ್ ಇರುವ ಕಡೆ

ಕೇರಳದಲ್ಲಿ ಈ ಮಾತು ಬಿಡುವಂತಿಲ್ಲ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ 2001ರ ಜುಲೈನಲ್ಲಿ ಉದ್ಘಾಟನೆಯಾದದ್ದು ತಿರುವನಂತಪುರದಲ್ಲಿ. ಅದೇ ವರ್ಷ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ ರಾಜ್ಯದ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಅದು ಕೊಡುವ, ಉಬುಂಟು ಆಧಾರಿತ ಲಿನಕ್ಸಿನಲ್ಲಿ. ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಶಾಲೆಯಲ್ಲಿ ಕಂಡ ಜಿಕಾಂಪ್ರಿಯಂಥ ಕಲಿಕೆಯ ಆಟವನ್ನು ಮನೆಯ ಲ್ಯಾಪ್‌ಟಾಪಿನಲ್ಲೂ ಹಾಕಿಕೊಡಿ ಎಂದು ಮಕ್ಕಳು ಕೇಳುವುದು ಸಹಜ.

ಲಿನಕ್ಸಿನಲ್ಲಿ ಮೊದಲು ನೋಡಬೇಕಾದ್ದು ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟ. ಗ್ರಾಫಿಕ್ಸ್ ಎಂಬಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಯಾವ ಚಿಪ್ಪೂ ಕೆಲಸ ಮಾಡುತ್ತಿಲ್ಲ, ಪ್ರೊಸೆಸರೇ ಕಷ್ಟಪಟ್ಟು ಚಿತ್ರ ಬಿಡಿಸುತ್ತಿದೆ. ಇಂಟೆಲ್, ಎಎಂಡಿ ಚಿಪ್‌ಗಳಿಗೆ ಡ್ರೈವರ್ ಲಿನಕ್ಸಿನ ಜೊತೆಗೇ ಬರುತ್ತದೆ. ಸಿಸ್ಟಂ ಅಪ್‌ಡೇಟ್ ಮಾಡಿದರೆ ಸಾಮಾನ್ಯವಾಗಿ ಸಾಕು. ಎನ್‌ವಿಡಿಯಾ ಇದ್ದರೆ ‘ಅಡಿಷನಲ್ ಡ್ರೈವರ್ಸ್’ ಎಂಬ ಕಿಟಕಿಯಲ್ಲಿ ಶಿಫಾರಸು ಮಾಡಿದ ಆವೃತ್ತಿ ಆರಿಸಬೇಕು. ಸೆಕ್ಯೂರ್ ಬೂಟ್ ಆನ್ ಇರುವ ಲ್ಯಾಪ್‌ಟಾಪಿನಲ್ಲಿ ಅದು ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಬಂದು ಕೆಲವು ಸೆಕೆಂಡು ಮಾತ್ರ ಕಾಯುತ್ತದೆ. ಅಲ್ಲಿ ‘ಎನ್‌ರೋಲ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ವೈರಸ್ಸೋ ಏನೋ ಎಂದು ಹೆದರಿ ಅದನ್ನು ದಾಟಿಸಿಬಿಟ್ಟರೆ ಡ್ರೈವರ್ ಹಾಕಿಯೂ ಹಾಕದಂತೆ. ಲಿನಕ್ಸಿನಲ್ಲಿ ಎನ್‌ವಿಡಿಯಾ ಕೈಕೊಟ್ಟಿತೆಂಬ ದೂರುಗಳಲ್ಲಿ ಎಷ್ಟೋ ಈ ನೀಲಿ ಪರದೆಯಲ್ಲೇ ಹುಟ್ಟಿದವು.

ಎರಡು ಚಿಪ್ ಇದ್ದರೆ, ಗ್ನೋಮ್ ಪರದೆಯಲ್ಲಿ ಗೇಮಿನ ಚಿತ್ರದ ಮೇಲೆ ಬಲಗುಂಡಿ ಒತ್ತಿದಾಗ ‘ಲಾಂಚ್ ಯೂಸಿಂಗ್ ಡಿಸ್ಕ್ರೀಟ್ ಗ್ರಾಫಿಕ್ಸ್ ಕಾರ್ಡ್’ ಎಂಬ ಸಾಲು ಸಿಗುತ್ತದೆ. ಅದನ್ನು ಆರಿಸಿದರೆ ದೊಡ್ಡ ಚಿಪ್ಪಿನಲ್ಲಿ ತೆರೆಯುತ್ತದೆ. ಜಿಕಾಂಪ್ರಿ ಮಾತ್ರ ತೀರಾ ಹಳೆಯ ಲ್ಯಾಪ್‌ಟಾಪಿಗೂ ಹೆದರಬೇಕಿಲ್ಲ. ಗ್ರಾಫಿಕ್ಸ್ ಚಿಪ್ಪಿನ ಹಂಗಿಲ್ಲದೆ, ನಿಧಾನವಾಗಿಯಾದರೂ ಓಡುವ ವಿಧಾನವನ್ನು ಅದರಲ್ಲಿ ಇಟ್ಟಿದ್ದಾರೆ.

ಅಂಗಡಿಗೆ ಒಯ್ಯುವ ಮೊದಲು

ಕೋಡ್ 43 ಬಂದು, ಡ್ರೈವರ್ ಪೂರ್ತಿ ತೆಗೆದು ಹಾಕಿದರೂ, ಬಯೋಸ್ ಅಪ್‌ಡೇಟ್ ಮಾಡಿದರೂ ಹೋಗದಿದ್ದರೆ ಚಿಪ್ಪಿಗೇ ಏಟಾಗಿರುವ ಶಂಕೆ ನ್ಯಾಯವಾದದ್ದು. ಗೇಮ್ ಸ್ವಲ್ಪ ಹೊತ್ತು ಓಡಿ ಬಿಸಿಯಾದ ಮೇಲೆ ಚಿಪ್ ಮಾಯವಾಗುತ್ತಿದ್ದರೆ ಫ್ಯಾನಿನ ಧೂಳು ಅಥವಾ ಒಣಗಿದ ಥರ್ಮಲ್ ಪೇಸ್ಟ್ ಕಾರಣವಿರಬಹುದು. ಕೊಚ್ಚಿ, ಮಂಗಳೂರು, ಕಾಸರಗೋಡಿನಂಥ ಕಡಲಂಚಿನ ಊರುಗಳ ತೇವ ಮತ್ತು ಉಪ್ಪಿನ ಗಾಳಿ ಮದರ್‌ಬೋರ್ಡಿಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಲ್ಯಾಪ್‌ಟಾಪಿಗಿಂತ ದಿನಾ ಸ್ವಲ್ಪ ಹೊತ್ತು ಓಡುವ ಲ್ಯಾಪ್‌ಟಾಪ್ ಹೆಚ್ಚು ಆರೋಗ್ಯವಾಗಿರುತ್ತದೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ ಬಹುತೇಕ ಎಲ್ಲದರಲ್ಲೂ ಮದರ್‌ಬೋರ್ಡಿಗೆ ಬೆಸೆದಿರುತ್ತದೆ, ಡೆಸ್ಕ್‌ಟಾಪಿನ ಕಾರ್ಡಿನಂತೆ ಕಿತ್ತು ಬೇರೆ ಹಾಕಲು ಬರುವುದಿಲ್ಲ. ‘ಕಾರ್ಡ್ ಬದಲಿಸಿ ಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಏನನ್ನು ಬದಲಿಸುತ್ತಾರೆಂದು ಬಿಡಿಸಿ ಕೇಳಬೇಕು.

ಕೊಚ್ಚಿಯ ಪೆಂಟಾ ಮೇನಕಾಕ್ಕೆ ಹೋಗಲಿ, ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಲಿ, ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಂಡು ಹೋಗಬೇಕು: ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ, ಡಿವೈಸ್ ಮ್ಯಾನೇಜರಿನಲ್ಲಿ ಕಂಡ ಎರಡು ಚಿಪ್‌ಗಳ ಹೆಸರು ಮತ್ತು ಸಂಖ್ಯೆ, ಕೋಡ್ ಇದ್ದರೆ ಆ ಕೋಡ್, ಗೇಮ್ ತೋರಿಸಿದ ಸಂದೇಶದ ಪೂರ್ತಿ ಮಾತು. ಸಂದೇಶವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ರಿಪೇರಿ ಮುಗಿದ ಮೇಲೆ ದುಡ್ಡು ಕೊಡುವ ಮೊದಲು, ಅಂಗಡಿಯಲ್ಲೇ ಡಿವೈಸ್ ಮ್ಯಾನೇಜರ್ ತೆರೆಸಿ ಆ ಚೀಟಿಯ ಸಂಖ್ಯೆಯೊಂದಿಗೆ ತಾಳೆ ನೋಡಬೇಕು.